ರೆಪ್ಪೆಯ ಒಳಗಿನ ಕೆಂಪು

ನನ್ನ ಕಣ್ಣಿನ ಬಗ್ಗೆ ನನಗೆ ಸೊಕ್ಕಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಆಡಿನ ಆರೋಗ್ಯ ತಿಳಿಯಬೇಕಾದರೆ ಅದರ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಬೇಕು. ಕೆಂಪಗಿದ್ದರೆ ಚಿಂತೆಯಿಲ್ಲ. ತಿಳಿಗುಲಾಬಿಗೆ ತಿರುಗಿದ್ದರೆ ಹೊಟ್ಟೆಯಲ್ಲಿ ಹುಳು ಕೂತು ರಕ್ತ ಕುಡಿಯುತ್ತಿದೆ ಎಂದರ್ಥ. ಬಿಳುಚಿಕೊಂಡಿದ್ದರೆ ಆ ಆಡಿಗೆ ಉಳಿದಿರುವುದು ಕೆಲವೇ ದಿನ. ಹಾಗೆಂದು ಎಲ್ಲಕ್ಕೂ ಸುಮ್ಮನೆ ಔಷಧಿ ಕುಡಿಸುವಂತಿಲ್ಲ. ಕುಡಿಸುತ್ತಾ ಹೋದರೆ ಹುಳುಗಳೇ ಅದಕ್ಕೆ ಒಗ್ಗಿಕೊಂಡು ಔಷಧಿಯೂ ನೀರೂ ಒಂದೇ ಆಗಿಬಿಡುತ್ತದೆ. ಬಣ್ಣ ನೋಡಬೇಕು, ಬಿಳುಚಿದವಕ್ಕೆ ಮಾತ್ರ ಕೊಡಬೇಕು. ಕೆಂಪಿಗೂ ಬಿಳುಪಿಗೂ ನಡುವೆ ಇರುವ ಐದಾರು ಮೆಟ್ಟಿಲುಗಳನ್ನು ನಾನು ಒಂದೇ ನೋಟಕ್ಕೆ ಹೇಳಬಲ್ಲೆ. ಪ್ರಾಣಿಗಳ ಡಾಕ್ಟರಮ್ಮನೇ ಒಮ್ಮೆ, ಇಂಥ ಕಣ್ಣು ನನಗಿದ್ದಿದ್ದರೆ ಚೆನ್ನಾಗಿತ್ತು ಎಂದಿದ್ದರು. ಆ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಹಾಲಿಗೆ ಬರುವ ಗಿರಾಕಿಗಳು ನಾನು ಬಾಯಿ ತೆರೆಯುವ ಮೊದಲೇ ಪಾತ್ರೆ ಎತ್ತಿಕೊಂಡು ಹೊರಡುತ್ತಿದ್ದರು.

ಆದರೆ ನೋಡುವುದು ಅರ್ಧ ಕೆಲಸ. ಉಳಿದರ್ಧ ಹಿಡಿಯುವುದು. ನನ್ನ ಎಡಗೈಯ ಮೂರು ಬೆರಳು ಮಡಚುವುದಿಲ್ಲ. ಹರೆಯದಲ್ಲಿ ಮರದ ಮಿಲ್ಲಿನ ಬೆಲ್ಟಿಗೆ ಸಿಕ್ಕಿಕೊಂಡು ಹಾಗಾದದ್ದು. ಆದ್ದರಿಂದ ಹಿಡಿಯುವ ಕೆಲಸ ಅಣ್ಣನದಾಯಿತು. ಅಣ್ಣನಿಗೆ ಕೈಗಳಿದ್ದವು, ಬಣ್ಣ ಇರಲಿಲ್ಲ. ಹುಟ್ಟಿದಾಗಿನಿಂದ ಕೆಂಪು ಹಸಿರು ಅವನಿಗೆ ಒಂದೇ. ಹಣ್ಣು ಮಾಗಿದೆಯೋ ಇಲ್ಲವೋ ಎಂದು ಹಿಚುಕಿ ನೋಡಿಯೇ ಹೇಳಬೇಕು. ಇಬ್ಬರೂ ಮದುವೆಯಾಗಿರಲಿಲ್ಲ, ಇಬ್ಬರೂ ಹದಿನಾರು ಆಡುಗಳ ಜೊತೆ ಮಿಲ್ಲಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದೆವು. ನಮ್ಮಿಬ್ಬರನ್ನು ಕೂಡಿಸಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತಾನೆ ಎಂದು ಗಿರಾಕಿಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುಂದಿನಿಂದಲೂ ಆಡಿಕೊಂಡಿದ್ದಾರೆ.

ಪ್ರತಿ ಭಾನುವಾರ ಬೆಳಿಗ್ಗೆ ಅಣ್ಣ ಒಂದೊಂದೇ ಆಡನ್ನು ಅಂಗಳಕ್ಕೆ ತರುತ್ತಿದ್ದ. ಎರಡು ಮೊಣಕಾಲುಗಳ ನಡುವೆ ಅದನ್ನು ನಿಲ್ಲಿಸಿಕೊಂಡು, ಬೆನ್ನ ಮೇಲೊಮ್ಮೆ ಕೈಯಾಡಿಸಿ, ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸುತ್ತಿದ್ದ. ನಾನು ರೆಪ್ಪೆ ಎಳೆದು ತೀರ್ಪು ಕೊಡುತ್ತಿದ್ದೆ. ಕೆಲವೊಮ್ಮೆ ಅವನು, ಇದನ್ನು ಇನ್ನೊಂದು ಸಲ ನೋಡು ಎನ್ನುತ್ತಿದ್ದ. ಬಣ್ಣ ಕಾಣದವನಿಂದ ನಾನು ಪಾಠ ಹೇಳಿಸಿಕೊಳ್ಳಬೇಕೇ ಎಂದು ರೇಗುತ್ತಿದ್ದೆ. ಆದರೂ ನೋಡುತ್ತಿದ್ದೆ. ನೋಡಿದರೆ ಅರ್ಧ ಮೆಟ್ಟಿಲು ಬಿಳುಚಿರುತ್ತಿತ್ತು. ಅದು ನನಗೆ ಮೊದಲೇ ಕಂಡಿತ್ತು ಎಂದು ಹೇಳಿ ಔಷಧಿ ಕುಡಿಸುತ್ತಿದ್ದೆ. ಅಣ್ಣ ನಗುತ್ತಿದ್ದ.

ಈ ಅಣ್ಣ ಐವತ್ತಾರನೇ ವಯಸ್ಸಿನಲ್ಲಿ ಮದುವೆಯಾದ. ನಾಲ್ಕು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು, ಗಂಡ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಒಂದು ಪ್ಯಾಂಟಿಗೆ ಜಿಪ್ಪು ಹಾಕಿಸಲು ಅಣ್ಣ ನಾಲ್ಕು ಸಲ ಹೋಗಿಬಂದ. ಅಲ್ಲೇ ನನಗೆ ತಿಳಿಯಬೇಕಿತ್ತು. ಎಷ್ಟೆಲ್ಲ ಕಾಣುವ ಕಣ್ಣಿಗೆ ಅದೊಂದು ಕಾಣಲಿಲ್ಲ. ಒಂದು ದಿನ ಹಾಲು ಕರೆಯುತ್ತಾ, ತಲೆಯೆತ್ತದೆ, ವಿಷಯ ಹೇಳಿದ. ಅವಳಿಗೆ ಅಂಗಡಿ ಬಿಟ್ಟು ಬರಲಾಗದು, ತಾನೇ ಅಲ್ಲಿಗೆ ಹೋಗುವುದು ಎಂದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅಂದೆ, ಜಿಪ್ಪಿನ ವಿಷಯವನ್ನೂ ಎತ್ತಿದೆ. ಹೋಗುವುದಾದರೆ ಹೋಗು, ಒಂದು ಆಡೂ ನಿನ್ನ ಹಿಂದೆ ಬರುವುದಿಲ್ಲ ಎಂದೂ ಹೇಳಿದೆ.

ಅವನು ಕೇಳಿದ್ದು ಒಂದನ್ನು ಮಾತ್ರ. ಗೊಣಗಮ್ಮನನ್ನು. ತಾಯಿ ಸತ್ತ ಮರಿಯನ್ನು ಅವನು ಒಲೆಯ ಪಕ್ಕ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ. ಬೆಳೆದು ದೊಡ್ಡದಾದ ಮೇಲೂ ಅದು ಹಾಲು ಕರೆಯುವಾಗ, ಮೇವು ತಡವಾದಾಗ, ಯಾರಾದರೂ ಮಾತಾಡಿಸಿದಾಗ ಗಂಟಲೊಳಗೇ ಏನೋ ಗೊಣಗುತ್ತಿತ್ತು. ಹೆಸರು ಹಾಗೆ ಬಂತು. ಅದೊಂದನ್ನು ಕೊಡು ಎಂದು ಅಣ್ಣ ಎರಡು ಸಲ ಕೇಳಿದ. ನಾನು ಎರಡು ಸಲವೂ ಆಗುವುದಿಲ್ಲ ಎಂದೆ. ಆ ಆಡು ನನಗೆ ಬೇಕಿತ್ತು ಎಂದಲ್ಲ, ಅವನಿಗೆ ಬೇಕಿತ್ತು ಎಂದು. ಹಠ ಎಂಬುದು ಹಾಗೆಯೇ ಇರುತ್ತದೆ. ಅವನು ಒಂದು ಪೆಟ್ಟಿಗೆ ಮತ್ತು ಕಂಬಳಿ ತೆಗೆದುಕೊಂಡು ಹೋದ. ಅವರ ಮದುವೆ ರಿಜಿಸ್ಟರ್ ಆದ ದಿನ ನಾನು ಕೊಟ್ಟಿಗೆಯನ್ನು ಮೂರು ಸಲ ತೊಳೆದೆ.

ಆಮೇಲಿನ ಐದು ತಿಂಗಳನ್ನು ಹೇಗೆ ಹೇಳಲಿ. ಅಣ್ಣನ ಮಂಚ ಖಾಲಿ ಕಾಣಬಾರದೆಂದು ಅದರ ಮೇಲೆ ಹಿಂಡಿಯ ಮೂಟೆ ಪೇರಿಸಿದೆ. ಅಡುಗೆ ಮಾಡುವಾಗ ಕೈ ಇಬ್ಬರ ಅಳತೆಯನ್ನು ಬಿಡಲೇ ಇಲ್ಲ. ಮಿಕ್ಕಿದ್ದನ್ನು ಮರುದಿನ ತಿನ್ನುತ್ತಿದ್ದೆ, ಮರುದಿನದ್ದು ಮತ್ತೆ ಮಿಗುತ್ತಿತ್ತು. ಬೆಳಿಗ್ಗೆ ಗಿರಾಕಿಗಳು ಬಂದು ಹೋದ ಮೇಲೆ ಸಂಜೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ದವು. ಒಮ್ಮೆ ಕೆಮ್ಮಿದಾಗ ನನ್ನ ದನಿಗೆ ನಾನೇ ಬೆಚ್ಚಿದೆ. ಆಗಿನಿಂದ ಗೊಣಗಮ್ಮನ ಜೊತೆ ಮಾತಾಡಲು ಶುರು ಮಾಡಿದೆ. ನಾನು ಏನಾದರೂ ಅಂದರೆ ಅದು ಗೊಣಗುತ್ತಿತ್ತು. ಅಣ್ಣನಿಗೆ ಹೇಳಬೇಕಾದ ಬೈಗುಳವನ್ನೆಲ್ಲ ಅದಕ್ಕೆ ಹೇಳಿದೆ, ಅದು ಅಣ್ಣನ ಪರವಾಗಿ ಉತ್ತರ ಕೊಟ್ಟಿತು. ಮನೆಯಲ್ಲಿ ನನಗೆ ಎದುರಾಡುವ ಜೀವ ಅದೊಂದೇ ಇತ್ತು.

ಭಾನುವಾರದ ಕೆಲಸಕ್ಕೆ ನಾನೇ ಒಂದು ಉಪಾಯ ಹೂಡಿದ್ದೆ. ಅಂಗಳದಲ್ಲಿ ಆಡನ್ನು ಒಬ್ಬನೇ ಹಿಡಿಯಲು ಹೋಗಿ ಎರಡು ಸಲ ಬಿದ್ದಿದ್ದೆ. ಆದ್ದರಿಂದ ಕೊಟ್ಟಿಗೆಯೊಳಗೆ ಗೋಡೆಗೆ ಹೊಂದಿಸಿ ಹಲಗೆ ಬಡಿದು, ಒಂದು ಆಡು ಮಾತ್ರ ಹಿಡಿಸುವಷ್ಟು ಕಿರಿದಾದ ಓಣಿ ಮಾಡಿದೆ. ಮುಂದೆ ಬುಟ್ಟಿಯಲ್ಲಿ ಹಿಂಡಿ ಇಟ್ಟರೆ ಆಡು ತಾನಾಗಿ ನುಗ್ಗುತ್ತಿತ್ತು. ಹಿಂದಿನಿಂದ ಕೋಲು ಅಡ್ಡ ಹಾಕಿದರೆ ಅಲುಗಾಡುವಂತಿಲ್ಲ, ಒಂದೇ ಕೈಯಲ್ಲಿ ರೆಪ್ಪೆ ನೋಡಬಹುದು. ಮೊದಲ ದಿನ ಹದಿನಾರನ್ನೂ ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅಣ್ಣನಿಲ್ಲದೆ ಯಾವ ಕೆಲಸವೂ ನಿಂತಿಲ್ಲ ಎಂದು ಗೊಣಗಮ್ಮನಿಗೆ ಹೇಳಿದೆ.

ಅಣ್ಣ ಹೋಗಿ ಮೂರು ತಿಂಗಳಾದಾಗ ಒಂದು ಮಧ್ಯಾಹ್ನ ಗಾಳಿ ಎದ್ದು ಕೊಟ್ಟಿಗೆಯ ಹಳೆಯ ತಗಡು ಹಾರಿಹೋಯಿತು. ಅಂಗಡಿಯಲ್ಲಿ ಆ ಹೊತ್ತಿಗೆ ಸಿಕ್ಕಿದ್ದು ಬೆಳಕು ಹಾಯುವ ಪ್ಲಾಸ್ಟಿಕ್ ಶೀಟು, ಅದೂ ಕೆಂಪು ಬಣ್ಣದ್ದು. ತಂದು ಹೊದಿಸಿದೆ. ಕೊಟ್ಟಿಗೆಯ ಒಳಗೆಲ್ಲ ಬೆಚ್ಚನೆಯ ಬೆಳಕು ತುಂಬಿಕೊಂಡಿತು. ಬಿಳಿ ಆಡುಗಳು ಮದುವೆ ಮನೆಗೆ ಹೊರಟವರ ಹಾಗೆ ಕಂಡವು. ಚೆನ್ನಾಗಿದೆ ಎಂದುಕೊಂಡೆ. ನನ್ನ ಕಣ್ಣು ನನಗೆ ಹೇಳಿದ್ದು ಅಷ್ಟೇ.

ಅಂದಿನಿಂದ ಪ್ರತಿ ಭಾನುವಾರ ಎಲ್ಲ ರೆಪ್ಪೆಗಳೂ ಕೆಂಪು. ಒಂದಕ್ಕಿಂತ ಒಂದು ಕೆಂಪು. ಔಷಧಿಯ ಬಾಟಲಿಯ ಮುಚ್ಚಳವನ್ನು ತೆರೆಯಬೇಕಾಗಿಯೇ ಬರಲಿಲ್ಲ. ನನ್ನ ಒಬ್ಬನ ಕೈಯಲ್ಲೇ ಆಡುಗಳು ಇಷ್ಟು ಚೆನ್ನಾಗಿವೆಯಲ್ಲ ಎಂದು ಹೆಮ್ಮೆಪಟ್ಟೆ. ಆಮೇಲೊಂದು ದಿನ ಒಂದು ಹೋತದ ಮರಿ ಬೆಳಿಗ್ಗೆ ಏಳಲಿಲ್ಲ. ಏನೋ ತಿನ್ನಬಾರದ್ದು ತಿಂದಿರಬೇಕು ಎಂದುಕೊಂಡು ಹೂತೆ. ಹಾಲು ಕಡಿಮೆಯಾಯಿತು. ಮೇವು ಸರಿಯಿಲ್ಲ ಎಂದು ಮೇವಿನವನ ಜೊತೆ ಜಗಳ ಕಾಯ್ದೆ.

ಒಂದು ಬುಧವಾರ ಬೆಳಿಗ್ಗೆ ಹಾಲು ಕರೆಯಲು ಕೂತವನಿಗೆ ಏನೋ ಕೊರತೆ ಅನ್ನಿಸಿತು. ಯಾಕೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಗೊಣಗಮ್ಮ ಗೊಣಗುತ್ತಿರಲಿಲ್ಲ. ಮಾತಾಡಿಸಿದೆ. ಅಣ್ಣನನ್ನು ಬೈದೆ, ಅದಕ್ಕೂ ಉತ್ತರವಿಲ್ಲ. ಕೆಚ್ಚಲಿನಿಂದ ನಾಲ್ಕು ಗುಟುಕೂ ಬರಲಿಲ್ಲ. ಮುಖ ಎತ್ತಿದರೆ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ. ಆ ಊತ ಯಾವುದರದ್ದೆಂದು ನನಗೆ ಗೊತ್ತಿತ್ತು. ರಕ್ತ ತೀರಾ ಇಳಿದಾಗ ಮಾತ್ರ ಬರುವಂಥದ್ದು. ಮತ್ತೆ ಮತ್ತೆ ರೆಪ್ಪೆ ಎಳೆದು ನೋಡಿದೆ. ಕೆಂಪಗೇ ಇತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಕೊಟ್ಟಿಗೆಯ ಒಳಗೆ ಕಾಲಿಟ್ಟು, ಓಣಿಯಲ್ಲಿ ನಿಂತ ಗೊಣಗಮ್ಮನ ರೆಪ್ಪೆ ಎಳೆದು ನೋಡಿ, ಹುಬ್ಬು ಗಂಟಿಕ್ಕಿದರು. ಆಮೇಲೆ ತಮ್ಮ ಅಂಗೈಯನ್ನು ನೋಡಿಕೊಂಡರು. ಬಿಳಿ ಕೋಟಿನ ತೋಳು ನೋಡಿಕೊಂಡರು. ತಲೆಯೆತ್ತಿ ಸೂರನ್ನು ನೋಡಿದರು. ಆಡನ್ನು ಅಂಗಳಕ್ಕೆ ಎಳೆದು ತಂದು, ಬಿಸಿಲಲ್ಲಿ ರೆಪ್ಪೆ ಎಳೆದು, ನನ್ನನ್ನು ಕರೆದು ತೋರಿಸಿದರು.

ಒಗೆದು ಒಣಗಿಸಿದ ಬಟ್ಟೆಯಷ್ಟು ಬಿಳಿ.

"ಈ ಶೀಟು ಹಾಕಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಎರಡು ತಿಂಗಳು ಎಂದೆ. ಹೇಳುವಾಗಲೇ ನನ್ನ ಸೊಕ್ಕೆಲ್ಲ ಇಳಿದು ಕಾಲಿಗೆ ಬಂದಿತ್ತು. ಆ ಸೂರಿನ ಕೆಳಗೆ ಸುಣ್ಣದ ಗೋಡೆಯೂ ಕೆಂಪಗಿರುತ್ತದೆ, ನಾನು ಅಲ್ಲಿ ನಿಂತು ಎರಡು ತಿಂಗಳು ಬಣ್ಣ ನೋಡಿದ್ದೇನೆ. ನನ್ನಷ್ಟು ಚೆನ್ನಾಗಿ ಬಣ್ಣ ಕಾಣುವವನು ಮಾತ್ರ ಮಾಡಬಲ್ಲ ತಪ್ಪು ಅದು. ಬಣ್ಣ ಕಾಣದವನಾಗಿದ್ದರೆ ಬೇರೇನಾದರೂ ನೋಡುತ್ತಿದ್ದ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಉಳಿದವನ್ನೂ ಒಂದೊಂದಾಗಿ ಬಿಸಿಲಿಗೆ ತಂದು ನೋಡಿದೆವು. ಒಂಬತ್ತು ಬಿಳುಚಿದ್ದವು. ಅವಕ್ಕೆ ತೂಕ ನೋಡಿ ಔಷಧಿ ಕುಡಿಸಿದರು, ಅವು ಬದುಕಿಕೊಳ್ಳುತ್ತವೆ ಎಂದರು. ಗೊಣಗಮ್ಮನಿಗೂ ಕುಡಿಸಿದರು. ಆದರೆ ಹುಳು ಸತ್ತರೂ ಹೋದ ರಕ್ತ ಮರಳಿ ಬರಲು ವಾರಗಳು ಬೇಕು, ಅಷ್ಟು ಸಮಯ ಅದಕ್ಕಿಲ್ಲ, ನಾಳೆಯವರೆಗೂ ಉಳಿಯುವುದು ಅನುಮಾನ ಎಂದರು. ಒಂದೇ ದಾರಿಯಿತ್ತು. ಗಟ್ಟಿಮುಟ್ಟಾದ ಇನ್ನೊಂದು ಆಡಿನಿಂದ ರಕ್ತ ತೆಗೆದು ಇದಕ್ಕೆ ಏರಿಸಬೇಕು.

ದಫೇದಾರನೆಂಬ ನಮ್ಮ ದೊಡ್ಡ ಹೋತ ಗಡ್ಡ ಅಲ್ಲಾಡಿಸುತ್ತಾ ಮೂಲೆಯಲ್ಲಿ ನಿಂತಿತ್ತು. ಅದರ ರೆಪ್ಪೆ ಬಿಸಿಲಲ್ಲೂ ಕೆಂಪಗಿತ್ತು. ಆದರೆ ಓಣಿಗೆ ನುಗ್ಗಿಸಿದರೂ ಅದು ಕತ್ತು ಕೊಡವುವುದನ್ನು ನಿಲ್ಲಿಸುತ್ತಿರಲಿಲ್ಲ, ಅದರ ಕೋಡಿಗೆ ಕೈಹಾಕಿ ಅಲುಗದಂತೆ ನಿಲ್ಲಿಸಿದವನು ಈ ಭೂಮಿಯ ಮೇಲೆ ಒಬ್ಬನೇ.

"ಹಿಡ್ಕೊಳ್ಳೋಕೆ ಗಟ್ಟಿ ಕೈ ಬೇಕು. ಅದು ಕೊಸರಿದ್ರೆ ಸೂಜಿ ಕತ್ತಿನ ನರ ಹರಿದುಬಿಡುತ್ತೆ. ಯಾರಿದ್ದಾರೆ ನಿಮಗೆ?" ಎಂದರು ಡಾಕ್ಟರಮ್ಮ.

ಯಾರಿದ್ದಾರೆ ನಿಮಗೆ. ಅವರು ಕೇಳಿದ್ದು ಹೋತದ ವಿಷಯ. ನನಗೆ ಕೇಳಿಸಿದ್ದು ಬೇರೆಯೇ. ಯಾರೂ ಇಲ್ಲ ಎಂದು ಹೇಳಿ ಸುಮ್ಮನಾಗಬಹುದಿತ್ತು. ಹಾಗಂದರೆ ಆಡು ಸಾಯುತ್ತಿತ್ತು, ಸತ್ತಿತೆಂದು ಅಣ್ಣನಿಗೆ ಹೇಗೋ ಗೊತ್ತಾಗುತ್ತಿತ್ತು. ಕೊಡೆನೆಂದು ಕಸಿದಿಟ್ಟುಕೊಂಡ ಆಡನ್ನು ನಾನೇ ಕೊಂದಂತಾಗುತ್ತಿತ್ತು. ಫೋನ್ ತೆಗೆದೆ. ಐದು ತಿಂಗಳಲ್ಲಿ ಒಮ್ಮೆಯೂ ಒತ್ತದ ನಂಬರು. ಎತ್ತಿದ್ದು ಅವಳು. ಹಿಂದೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಂತಿತು. ಅವಳನ್ನು ನಾನು ಮನಸ್ಸಿನಲ್ಲಿ ಕೂಡ ಟೈಲರಮ್ಮ ಎಂದೇ ಕರೆಯುತ್ತಿದ್ದವನು.

"ಅತ್ತಿಗೆ," ಎಂದೆ. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. "ಅಣ್ಣನ್ನ ಒಂಚೂರು ಕಳಿಸ್ತೀರಾ? ಗೊಣಗಮ್ಮ ಉಳಿಯೋ ಹಾಗಿಲ್ಲ."

ಅವಳು ಏನೂ ಕೇಳಲಿಲ್ಲ, ಈಗಲೇ ಕಳಿಸುತ್ತೇನೆ ಎಂದಳು.

ಅಣ್ಣ ಸೈಕಲ್ಲು ತುಳಿದುಕೊಂಡು ಬಂದ. ಅಂಗಿಯ ತುಂಬ ಬಣ್ಣಬಣ್ಣದ ದಾರದ ತುಣುಕುಗಳು ಅಂಟಿಕೊಂಡಿದ್ದವು. ಪಾಪ, ಅವನಿಗೆ ಅವೆಲ್ಲ ಒಂದೇ ತರಹ ಕಂಡಿರಬೇಕು. ಸ್ವಲ್ಪ ದಪ್ಪಗಾಗಿದ್ದ. ನನ್ನ ಮುಖ ನೋಡದೆ ನೇರವಾಗಿ ಗೊಣಗಮ್ಮನ ಬಳಿ ಹೋಗಿ ಕೂತು, ಬೆನ್ನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಕೈಯಾಡಿಸಿದ. ನಡುವಿನಲ್ಲಿ ಬೆರಳುಗಳನ್ನು ನಿಲ್ಲಿಸಿದ.

"ಇದು ಇವತ್ತಿಂದಲ್ಲ ಕಣೋ. ಮೂಳೆ ಕೈಗೆ ಸಿಗ್ತಾ ಇದೆ. ತಿಂಗಳ ಮೇಲಾಗಿದೆ," ಎಂದ.

ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಪ್ರತಿ ಭಾನುವಾರ ಗದ್ದ ಹಿಡಿಯುವ ಮೊದಲು ಅವನು ಬೆನ್ನ ಮೇಲೆ ಕೈಯಾಡಿಸುತ್ತಿದ್ದದ್ದು ಮುದ್ದಿಗೆಂದು ನಾನು ತಿಳಿದಿದ್ದೆ. ಅವನೂ ನೋಡುತ್ತಿದ್ದ, ಕೈಯಿಂದ. ಇನ್ನೊಂದು ಸಲ ನೋಡು ಎನ್ನುತ್ತಿದ್ದದ್ದು ಬೆರಳಿಗೆ ಮೂಳೆ ಸಿಕ್ಕಿದ ಆಡುಗಳ ವಿಷಯದಲ್ಲಿ ಮಾತ್ರ. ಹೆಸರು ನನ್ನ ಕಣ್ಣಿಗೆ ಬಂತು. ಅವನು ಯಾರಿಗೂ ಹೇಳಿಕೊಂಡಿರಲಿಲ್ಲ.

ದಫೇದಾರನನ್ನು ಅಣ್ಣ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕತ್ತು ಎತ್ತಿ ಹಿಡಿದ. ಐದು ತಿಂಗಳಿಂದ ನನ್ನನ್ನು ಹಾಯ್ದು ಬೀಳಿಸುತ್ತಿದ್ದ ಆ ಹೋತ ಅವನ ಕೈಯಲ್ಲಿ ಮೇಷ್ಟರ ಮುಂದಿನ ಹುಡುಗನಂತೆ ನಿಂತಿತು. ಡಾಕ್ಟರಮ್ಮ ಸೂಜಿ ಚುಚ್ಚಿದರು, ನೆಲದ ಮೇಲಿಟ್ಟ ಚೀಲ ನಿಧಾನ ತುಂಬಿತು. ಆಮೇಲೆ ಅಣ್ಣ ಗೊಣಗಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ, ನಾನು ಚೀಲವನ್ನು ಬಲಗೈಯಲ್ಲಿ ಎತ್ತರಕ್ಕೆ ಹಿಡಿದು ನಿಂತೆ. ಹನಿಹನಿಯಾಗಿ ಇಳಿಯಬೇಕು, ಗಂಟೆಯ ಮೇಲಾಗುತ್ತದೆ ಎಂದು ಹೇಳಿ ಡಾಕ್ಟರಮ್ಮ ಕಲ್ಲಿನ ಮೇಲೆ ಕೂತರು. ನನ್ನ ತೋಳು ಜೋಮು ಹಿಡಿಯಿತು. ಇಳಿಸಲಿಲ್ಲ. ಶೀಟಿನ ವಿಷಯವನ್ನು ಯಾವಾಗಲೋ ಹೇಳಬೇಕಿತ್ತು, ಆಗಲೇ ಹೇಳಿದೆ. ಸೂರು ಕೆಂಪಗಿತ್ತು, ಅದಕ್ಕೆ ಎಲ್ಲ ಕೆಂಪಗೇ ಕಂಡಿತು, ತಪ್ಪು ನನ್ನದೇ ಎಂದೆ.

ಅಣ್ಣ ಸೂರಿನ ಕಡೆ ನೋಡಿದ. "ಕೆಂಪಾ ಅದು? ನಾನು ತಗಡು ತುಕ್ಕು ಹಿಡಿದಿದೆ ಅಂದ್ಕೊಂಡೆ," ಎಂದ.

ಡಾಕ್ಟರಮ್ಮ ನಕ್ಕರು. ನಾನೂ ನಕ್ಕೆ, ಚೀಲ ಅಲುಗಿದ್ದಕ್ಕೆ ಬೈಸಿಕೊಂಡೆ.

ಗೊಣಗಮ್ಮ ಸಂಜೆ ತಲೆಯೆತ್ತಿತು, ಮರುದಿನ ನಾಲ್ಕು ಎಲೆ ತಿಂದಿತು. ಅಣ್ಣ ದಿನಾ ಬಂದು ನೋಡಿ ಹೋದ. ಐದನೆಯ ದಿನ ಅವನು ಬಂದು ಬೆನ್ನ ಮೇಲೆ ಕೈಯಿಟ್ಟಾಗ ಅದು ಗಂಟಲೊಳಗೆ ಗೊಣಗಿತು. ನನ್ನ ಜೊತೆ ಅದು ಗೊಣಗುತ್ತಿದ್ದಾಗ ಇದ್ದ ದನಿಯಲ್ಲ ಅದು. ಇನ್ನೂ ಮೆತ್ತಗೆ, ಇನ್ನೂ ಉದ್ದಕ್ಕೆ, ದೂರು ಹೇಳಿ ಮುಗಿಯದವರ ಹಾಗೆ. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಒಳಗೆ ಹೋಗಿ ಹೊಸ ಹಗ್ಗ ತಂದು ಅದರ ಕುತ್ತಿಗೆಗೆ ಕಟ್ಟಿ, ತುದಿಯನ್ನು ಅಣ್ಣನ ಕೈಗಿಟ್ಟೆ. ಕರೆದುಕೊಂಡು ಹೋಗು ಎಂದೆ. ಅವನು ನನ್ನನ್ನೇ ನೋಡಿದ, ನಿನಗೆ ಎಂದು ಏನೋ ಕೇಳಲು ಹೊರಟ. ನಾನು ಹಾಲಿನ ಪಾತ್ರೆ ತೊಳೆಯುವ ನೆಪ ಹೂಡಿ ನಲ್ಲಿಯ ಕಡೆ ತಿರುಗಿದೆ. ಅವರಿಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ತೊಳೆದ ಪಾತ್ರೆಯನ್ನೇ ತೊಳೆದೆ.

ಅಂದು ಹಾಲು ಕರೆಯುವಾಗ ಅಭ್ಯಾಸಬಲದಿಂದ ಒಂದು ಮಾತಾಡಿದೆ. ಉತ್ತರ ಬರಲಿಲ್ಲ. ಉಳಿದ ಹದಿನಾಲ್ಕೂ ಒಳ್ಳೆಯ ಆಡುಗಳೇ, ಆದರೆ ಮಾತಿಗೆ ಮಾತು ಕೊಡುವವಲ್ಲ. ಮನೆ ಇಷ್ಟು ದೊಡ್ಡದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಶನಿವಾರ ಕೆಂಪು ಶೀಟನ್ನು ಕಿತ್ತು ಹಾಕಿ ತಗಡು ಹೊದಿಸಿದೆ. ಓಣಿಯ ಹಲಗೆಗಳನ್ನು ಕಿತ್ತು ತಂದು ಅಂಗಳದಲ್ಲಿ, ಬಿಸಿಲು ಬೀಳುವಲ್ಲಿ, ಮತ್ತೆ ಬಡಿದೆ.

ಭಾನುವಾರ ಬೆಳಿಗ್ಗೆ ಒಂದೊಂದನ್ನೇ ಓಣಿಗೆ ನುಗ್ಗಿಸಿ, ರೆಪ್ಪೆ ನೋಡುವ ಮೊದಲು ಬೆನ್ನ ಮೇಲೆ ಕೈಯಾಡಿಸಿ ನೋಡಿದೆ. ಅಣ್ಣನ ಬೆರಳಿಗೆ ಸಿಗುವುದು ನನ್ನ ಬೆರಳಿಗೆ ಸಿಗಲಿಲ್ಲ. ಕಣ್ಣು ಮುಚ್ಚಿಕೊಂಡು ನೋಡಿದೆ, ಆಗಲೂ ಇಲ್ಲ. ಕಲಿಯಲು ಇನ್ನೂ ಮೂವತ್ತು ವರ್ಷ ಬೇಕೇನೋ ಎಂದುಕೊಳ್ಳುತ್ತಿದ್ದಾಗ ಬೀದಿಯಲ್ಲಿ ಪರಿಚಯದ ಗೊಣಗಾಟ ಕೇಳಿಸಿತು.

ಅಣ್ಣ ಗೇಟು ತೆಗೆದು ಗೊಣಗಮ್ಮನನ್ನು ಒಳಗೆ ತಂದ. ಮತ್ತೇನಾಯಿತು ಎಂದು ಗಾಬರಿಯಾಗಿ ಕೇಳಿದೆ. ಏನೂ ಆಗಿಲ್ಲ, ಭಾನುವಾರವಲ್ಲವೇ, ಕಣ್ಣು ನೋಡಿಸಲು ತಂದೆ ಎಂದ. ನನಗೆ ನಾಚಿಕೆಯಾಯಿತು. ಇಷ್ಟೆಲ್ಲ ಆದ ಮೇಲೂ ನನ್ನ ಕಣ್ಣಿನ ಮಾತೆತ್ತುತ್ತಾನಲ್ಲ ಎನ್ನಿಸಿತು.

"ಅತ್ತಿಗೆ ದಿನಾ ನೂರು ಬಣ್ಣದ ದಾರ ಆರಿಸ್ತಾರೆ. ಅವರ ಹತ್ರ ನೋಡಿಸಬಾರದಿತ್ತಾ?" ಎಂದೆ.

"ನೋಡಿದ್ಲು. ಕೆಂಪಗೇ ಇದೆ ಅಂದ್ಲು," ಎಂದ ಅಣ್ಣ. ಗೊಣಗಮ್ಮನನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಬೆನ್ನ ಮೇಲೆ ಕೈಯಾಡಿಸಿ, ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದ. "ನೀನು ಹೇಳದೆ ನಂಗೆ ಸಮಾಧಾನ ಆಗಲ್ಲ. ನೋಡು."

ನಾನು ಬಾಗಿ ಹೆಬ್ಬೆರಳಿನಿಂದ ರೆಪ್ಪೆ ಎಳೆದೆ. ಏನೂ ಕಾಣಿಸಲಿಲ್ಲ, ಎಲ್ಲ ಕಲಸಿದಂತಿತ್ತು. ಸ್ವಲ್ಪ ತಡಿ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಹೇಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ಬಿಸಿಲು ನನ್ನ ಬೆನ್ನಿಗಿತ್ತು. ಅಣ್ಣ ಅದನ್ನು ಎತ್ತಿ ಆಡಲಿಲ್ಲ, ಆಡಿನ ಮುಖವನ್ನು ಅಲುಗದಂತೆ ಹಿಡಿದುಕೊಂಡು ಕಾಯುತ್ತಾ ನಿಂತ.